ಹಿಂಡದೆ ಸೋಸುವುದು

ಮೂವತ್ತೊಂದು ವರ್ಷ ಈ ಕೈ
ಚೀಸ್ ಕಾರ್ಖಾನೆಯಲ್ಲಿ ಒತ್ತುವುದನ್ನೇ ಮಾಡಿತು.
ಬಟ್ಟೆ ಹಾಸು, ಒಡೆದ ಹಾಲಿನ ಗಡ್ಡೆ ಸುರಿ,
ಮಡಿಸು, ಒತ್ತು,
ಮೇಲೆ ಭಾರ ಹೇರು.

ಈಗ ಅದೇ ಬಟ್ಟೆಯಲ್ಲಿ ಓಟ್ಸ್ ಹಾಲು.
ಒಂದು ಲೋಟ ಓಟ್ಸ್, ನಾಲ್ಕು ಲೋಟ ತಣ್ಣೀರು, ಚಿಟಿಕೆ ಉಪ್ಪು,
ಮಿಕ್ಸಿಯಲ್ಲಿ ಮೂವತ್ತು ಎಣಿಸುವಷ್ಟು,
ಮೂವತ್ತೊಂದಲ್ಲ.
ಆಮೇಲೆ ಬಟ್ಟೆಗೆ ಸುರಿದು ಸುಮ್ಮನೆ ನಿಲ್ಲಬೇಕು.
ಹಿಂಡಿದೆಯೋ, ಲೋಳೆ.
ಮೊದಲ ವಾರ ದಿನವೂ ಹಿಂಡಿದೆ.
ಕೈಗೆ ಬೇರೇನೂ ಗೊತ್ತಿರಲಿಲ್ಲ.
ನನ್ನ ಕಾಫಿಯಲ್ಲಿ ಬಸವನಹುಳು ನಡೆದುಹೋದಂತಿತ್ತು.

ಅಟ್ಲಾಂಟಿಕ್ ನಡುವಿನ ಅಸೋರ್ಸ್‌ನಲ್ಲಿ
ಸಾಂ ಜೋರ್ಜ್ ಒಂದು ಉದ್ದನೆಯ ಹಸಿರು ಗೆರೆ.
ಇಲ್ಲಿ ಜನಕ್ಕಿಂತ ದನ ಹೆಚ್ಚು.
ಇಂಥಲ್ಲಿ ಹಾಲು ಬಿಟ್ಟವಳೆಂದರೆ
ಸಮುದ್ರ ಬಿಟ್ಟ ಮೀನು.
ರೊಟ್ಟಿ ಅಂಗಡಿಯ ಫಿಲೊಮೆನಾ ದನಿ ತಗ್ಗಿಸಿ ಕೇಳಿದಳು:
"ಹೊಟ್ಟೆಯಲ್ಲಿ ಗಂಟೇನಾದರೂ?"
ಅವಳ ಅತ್ತೆ ಕೇಳಿದಳು:
"ಈಸ್ಟರ್ ಕಳೆಯಿತಲ್ಲ, ಇನ್ನೂ ಯಾವ ಉಪವಾಸ?"
ನಾಲಗೆಗೆ ಮೂಳೆಯಿಲ್ಲ ಅನ್ನುತ್ತಾರೆ,
ನನ್ನ ಗಂಡ ಎವರಿಸ್ತುವಿನ ನಾಲಗೆಗೆ ಇದೆ.
ಅವನು ಏನೂ ಕೇಳಲಿಲ್ಲ.
ತನ್ನ ಚೀಸನ್ನು ಬೇರೆ ತಟ್ಟೆಗೆ ಹಾಕಿ
ಕಿಟಕಿಯ ಕಡೆ ಸರಿಸಿಕೊಂಡ,
ನನ್ನ ಮೂಗಿಗೆ ದೂರವಾಗಲೆಂದೋ,
ನನ್ನಿಂದ ಅದಕ್ಕೆ ರಕ್ಷಣೆಯೆಂದೋ.

ಕಾರಣ ಕೇಳಿದವರಿಗೆ ವಯಸ್ಸು ಎಂದೆ.
ನಿಜವಾದ ಕಾರಣ ಒಂದು ಚಮಚ.
ಹಾಲು ಹೆಪ್ಪಾಗಲು ಹಂಡೆಗೆ ಅಳೆದು ಹಾಕುತ್ತಿದ್ದದ್ದು,
ಎಳೆಗರುವಿನ ಜಠರದ ರಸ.
ತೊಟ್ಟು ಚೆಲ್ಲದಂತೆ ಅಳೆಯುತ್ತಿದ್ದೆ,
ಅದಕ್ಕೆ ಬಹುಮಾನವೂ ಬಂದಿತ್ತು, ಗೋಡೆಯ ಗಡಿಯಾರ.
ನಿವೃತ್ತಿಯಾದ ಮೇಲೆ ಒಂದು ರಾತ್ರಿ
ಆ ಗಡಿಯಾರದ ಸದ್ದಿಗೆ ನಿದ್ದೆ ಬರಲಿಲ್ಲ.
ಇಷ್ಟೇ. ದೊಡ್ಡದೇನೂ ಆಗಲಿಲ್ಲ.

ಅಡಿಗೆ ಕಷ್ಟವಲ್ಲ, ಹಿತ್ತಲು ಮೊದಲೇ ಬಲ್ಲದು.
ಕೆಸುವಿನ ಗಡ್ಡೆ ಬೇಯಿಸಿ, ಬೆಳ್ಳುಳ್ಳಿ, ವಿನಿಗರ್.
ಗೆಣಸು ಕೆಂಡದಲ್ಲಿ.
ಜೋಳದ ರೊಟ್ಟಿಗೆ ಎಂದೂ ಹಾಲು ಬೇಕಿರಲಿಲ್ಲ,
ಬಡವರ ರೊಟ್ಟಿ ಅದು, ನನಗಿಂತ ಮೊದಲೇ ಬಿಟ್ಟಿತ್ತು.
ಸೊಪ್ಪಿನ ಸಾರು ಮಾತ್ರ ಸೋತಿತು.
ಸಾಸೇಜಿನ ಹೊಗೆಯಿಲ್ಲದೆ ಅದು
ಪಾತ್ರೆ ತೊಳೆದ ನೀರು.
ಹೊಗೆಯಾಡಿಸಿದ ಮೆಣಸಿನಪುಡಿಯನ್ನು
ಬಿಸಿ ಎಣ್ಣೆಗೆ, ಒಲೆ ಆರಿಸಿದ ಮೇಲೆ ಹಾಕಬೇಕೆಂದು
ಎರಡು ಸಲ ಸುಟ್ಟು ಕಲಿತೆ.
ಬೆಂದ ಹುರುಳಿಕಾಳಿನಲ್ಲಿ ಅರ್ಧ ಕಿವುಚಿ ಬೆರೆಸಿದರೆ
ಸಾರಿಗೆ ಮೈ ಬರುತ್ತದೆ.

ಬಿಟ್ಟೆ ಬಿಟ್ಟೆ ಎನ್ನುತ್ತಲೇ ನಾಲ್ಕನೆಯ ವಾರ,
ಫ್ರಿಜ್ಜಿನ ಬೆಳಕಿನಲ್ಲಿ ಬರಿಗಾಲಲ್ಲಿ ನಿಂತು
ಬೆಣ್ಣೆಯನ್ನು ಬೆರಳಲ್ಲೇ ತಿಂದೆ.
ಪವಿತ್ರಾತ್ಮದ ಹಬ್ಬದೂಟಕ್ಕೆ
ಊರೆಲ್ಲ ಒಂದೇ ಉದ್ದ ಮೇಜಿಗೆ ಕುಳಿತಾಗ
ಎಲೆಕೋಸು, ರೊಟ್ಟಿ, ಪುದೀನ ಮಾತ್ರ ಎಂದೆ.
ಬಡಿಸುವವಳು ಹಾಗೇ ಆರಿಸಿ ಹಾಕಿದಳು.
ಎಲೆಕೋಸು ಯಾವ ನೀರಿನಲ್ಲಿ ಬೆಂದಿತ್ತೆಂದು
ಅವಳಿಗೂ ಗೊತ್ತು, ನನಗೂ.
ಇಬ್ಬರೂ ಹಬ್ಬದ ಮಾತಾಡಿದೆವು.

ನಿನ್ನೆ ಎವರಿಸ್ತು ಕೇಳದೆಯೇ ಚಾಕು ತೆಗೆದುಕೊಂಡ,
ಸೊಪ್ಪನ್ನು ಸುರುಳಿ ಸುತ್ತಿ
ಹೊಗೆಸೊಪ್ಪಿನಷ್ಟು ಸಣ್ಣಗೆ ಹೆಚ್ಚಿದ.
ಸಾರು ಉಂಡು, ತಳ ಕೆರೆದು,
"ಸಾಸೇಜು ಎಲ್ಲಿ ಬಚ್ಚಿಟ್ಟೆ?" ಎಂದ.
ಹಾಲು ಕುಡಿದಷ್ಟಲ್ಲ,
ಆದರೂ ಸಂತೋಷವಾಯಿತು.
ಆಮೇಲೆ ಕಿಟಕಿಯ ಬಳಿಯ ತಟ್ಟೆಗೆ ಕೈಚಾಚಿ
ಎಂದಿನಂತೆ ಒಂದು ತುಂಡು ಕತ್ತರಿಸಿಕೊಂಡ.

ಬೆಳಗ್ಗೆ ಬಟ್ಟೆ ತೊಳೆದು ತಂತಿಗೆ ಹಾಕುವಾಗ
ಹಳೆಯ ಚಾಳಿ, ಹಿಂಡಲು ಹೋದೆ.
ಇದನ್ನು ಹಿಂಡಬಹುದಲ್ಲ, ಬಟ್ಟೆ ತಾನೆ,
ಎಂದು ನೆನಪಾಗುವಷ್ಟರಲ್ಲಿ
ಕೈ ಆಗಲೇ ಸಡಿಲವಾಗಿತ್ತು,
ನೀರು ತಾನಾಗಿ ಇಳಿಯುತ್ತಿತ್ತು.